ಬೈಲಕಡಿಯ ಬಯಲು, ಅಲ್ಲಮನ ಬಯಲು

ಪದವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಜೇವರ್ಗಿ ತಾಲ್ಲೂಕಿನ ಒಬ್ಬ ಶಿಕ್ಷಕಿಯವರು ಕಳುಹಿಸಿದ ಪ್ರಶ್ನೆಯನ್ನು ಕಳೆದ ಸಂಚಿಕೆಯಲ್ಲಿ ಉತ್ತರವಿಲ್ಲದೆ ಅಚ್ಚಿಸಿ, ಅದೇ ಪದದ ಬಗ್ಗೆ ಬೇರೆ ಓದುಗರಿಗೆ ಏನಾದರೂ ಕೇಳುವುದಿದ್ದರೆ ಬರೆಯಬೇಕೆಂದು ವಿನಂತಿಸಿದ್ದೆವು. ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿ, ಆ ಮೊದಲ ಪತ್ರದ ಜೊತೆಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ (ಜೇವರ್ಗಿ ತಾಲ್ಲೂಕಿನಿಂದ): ಮಾನ್ಯರೇ, ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ತರಗತಿಯಲ್ಲಿ ಅಲ್ಲಮಪ್ರಭುವಿನ ‘ಬಯಲು ಬಯಲನೆ ಬಿತ್ತಿ’ ಎಂಬ ವಚನವನ್ನು ಓದಿದ ಕೂಡಲೇ ಹಿಂದಿನ ಸಾಲಿನ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಹುಡುಗಿಯರು ತಲೆ ತಗ್ಗಿಸಿ ಕುಳಿತರು. ಕಾರಣ ನಿಮಗೂ ತಿಳಿದಿರುತ್ತದೆ. ನಮ್ಮ ಕಡೆ ‘ಬೈಲಕಡಿ ಹೋಗಿ ಬರ್ತೀನಿ’ ಎಂದರೆ ಶೌಚಕ್ಕೆ ಹೋಗುವುದೆಂಬ ಒಂದೇ ಅರ್ಥ. ಗದರಿಸಿ ಸುಮ್ಮನಾಗಿಸಿದೆ, ಆದರೆ ಮನೆಗೆ ಬಂದ ಮೇಲೆ ನನಗೇ ಸಮಾಧಾನವಾಗಲಿಲ್ಲ. ವಚನದ ಬಯಲು, ನಮ್ಮೂರಿನ ಬೈಲು ಎರಡೂ ಒಂದೇ ಪದವೇ? ಅದರ ಮೂಲವೇನು? ಒಂದೇ ಆಗಿದ್ದರೆ ಅಷ್ಟು ಎತ್ತರದ ಅರ್ಥವೂ ಇಷ್ಟು ಸಂಕೋಚದ ಅರ್ಥವೂ ಒಂದೇ ಮಾತಿನಲ್ಲಿ ಹೇಗೆ ಕೂಡಿದವು?

ಉತ್ತರ: ಎರಡೂ ಒಂದೇ ಪದ. ಮಕ್ಕಳು ಗುರುತಿಸಿದ್ದು ಸರಿಯಾಗಿಯೇ ಇದೆ. ಪಠ್ಯಪುಸ್ತಕದ ಪದವೊಂದು ತಮ್ಮ ಮನೆಯ ಮಾತಿನಲ್ಲಿಯೂ ಇದೆ ಎಂದು ಯಾರೂ ಹೇಳಿಕೊಡದೆ ಅವರು ಕಂಡುಕೊಂಡರು. ‘ಬಯಲು’ ‘ಬೈಲು’ ಆಗುವುದು ಉಚ್ಚಾರಣೆಯ ಸಹಜ ದಾರಿ. ನಡುವಿನ ಅಕಾರ ಮಾತಿನಲ್ಲಿ ಸವೆದು ‘ಬಯ್ಲು’ ಆಗುತ್ತದೆ, ‘ಅಯ್’ ಎಂಬುದು ‘ಐ’ ಎಂದು ಕೇಳಿಸುತ್ತದೆ. ‘ಕಯ್’ ‘ಕೈ’ ಆದದ್ದೂ, ‘ಮಯ್’ ‘ಮೈ’ ಆದದ್ದೂ ಇದೇ ಬಗೆಯಲ್ಲಿ.

ಹಳಗನ್ನಡದಲ್ಲಿ ಈ ಪದದ ರೂಪ ‘ಬಯಲ್’. ಕಾಲ್, ಕಡಲ್, ಬಾಗಿಲ್ ಎಂಬ ವ್ಯಂಜನಾಂತ ಪದಗಳು ನಡುಗನ್ನಡದ ಕಾಲಕ್ಕೆ ಉಕಾರವನ್ನು ಪಡೆದು ಕಾಲು, ಕಡಲು, ಬಾಗಿಲು ಆದಂತೆಯೇ ಇದೂ ‘ಬಯಲು’ ಆಯಿತು. ಇದು ಅಚ್ಚ ದ್ರಾವಿಡ ಪದ. ತಮಿಳು ಮತ್ತು ಮಲಯಾಳದಲ್ಲಿ ‘ವಯಲ್’ ಇದೆ, ತುಳುವಿನಲ್ಲಿ ‘ಬೈಲ್’ ಇದೆ, ತೆಲುಗಿನಲ್ಲಿ ‘ಬಯಲು’ ಇದೆ. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯಮದಂತೆ ನಡೆದುಬಂದ ಸಂಗತಿ. ಅವರ ‘ವಾಯ್’ ನಮ್ಮ ಬಾಯಿ, ಅವರ ‘ವಿಲ್’ ನಮ್ಮ ಬಿಲ್ಲು, ‘ವೇರ್’ ಬೇರು, ‘ವೆಳ್ಳಿ’ ಬೆಳ್ಳಿ, ‘ವೇಲಿ’ ಬೇಲಿ, ‘ವಿರಲ್’ ಬೆರಳು. ಹೀಗೆ ಸಾಲಾಗಿ ನಿಂತ ಪದಗಳ ನಡುವೆ ವಯಲ್–ಬಯಲ್ ಜೋಡಿಯೂ ತನ್ನ ಜಾಗದಲ್ಲಿ ಸರಿಯಾಗಿ ಕೂಡುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಈ ಪದಕ್ಕೆ ಸ್ಥಾನವಿದೆ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಜ್ಞಾತಿಪದಗಳ ಕೋಶದಲ್ಲಿ ಈ ಎಲ್ಲ ರೂಪಗಳೂ ಒಂದೇ ಕುಟುಂಬವಾಗಿ ಸೇರಿವೆ.

ರೂಪದ ವಿಷಯ ಇಷ್ಟಕ್ಕೆ ಮುಗಿಯುತ್ತದೆ. ಅರ್ಥದ ವಿಷಯ ಅಷ್ಟು ಸುಲಭವಲ್ಲ, ಅದೇ ನನಗೆ ಹೆಚ್ಚು ಪ್ರಿಯವಾದದ್ದು. ತಮಿಳು, ಮಲಯಾಳಗಳಲ್ಲಿ ‘ವಯಲ್’ ಎಂದರೆ ಮುಖ್ಯವಾಗಿ ಭತ್ತದ ಗದ್ದೆ, ಬೆಳೆ ತುಂಬಿ ನಿಂತ ನೆಲ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಬೈಲು ಎಂಬುದು ಎಲ್ಲಕ್ಕಿಂತ ತಗ್ಗಿನ, ನೀರು ನಿಲ್ಲುವ, ಬೆಲೆಬಾಳುವ ಭೂಮಿ. ಕನ್ನಡ ಮತ್ತು ತೆಲುಗಿನಲ್ಲಿಯೋ ಅದೇ ಪದಕ್ಕೆ ಮರೆಯಿಲ್ಲದ ಜಾಗ, ಬರಿದಾದ ಜಾಗ, ಮನೆಯ ಆಚೆಗಿನ ಜಾಗ ಎಂಬ ಅರ್ಥಗಳು ಮುಂದಾಗಿವೆ. ಒಂದೇ ಮಾತಿಗೆ ಒಂದು ಕಡೆ ಬೆಳೆಯ ತುಂಬು, ಇನ್ನೊಂದು ಕಡೆ ಬರಿದು. ಇದನ್ನು ಹೇಗೆ ತಿಳಿಯಬೇಕು?

ನಾನು ತಿಳಿದುಕೊಂಡಿರುವುದು ಹೀಗೆ. ಮೂಲದಲ್ಲಿ ಈ ಪದ ಬೆಳೆಯನ್ನಾಗಲಿ ಬರಿದನ್ನಾಗಲಿ ಹೇಳದೆ, ಮರಗಿಡಗಳ ಅಡ್ಡಿಯಿಲ್ಲದೆ ಹರಡಿದ ಸಮತಟ್ಟಾದ ನೆಲವನ್ನಷ್ಟೇ ಹೇಳುತ್ತಿದ್ದಿರಬೇಕು. ಕಾಡುಗುಡ್ಡಗಳ ನಡುವೆ ಬದುಕುವವರಿಗೆ ಅಂಥ ನೆಲ ಸಿಗುವುದು ಕಣಿವೆಯ ತಳದಲ್ಲಿ ಮಾತ್ರ. ಅಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಭತ್ತ ನಾಟುತ್ತಾರೆ, ಹೀಗಾಗಿ ಅವರಿಗೆ ಬೈಲು ಎಂದರೆ ಗದ್ದೆಯೇ ಆಯಿತು. ನಮ್ಮ ಕಲಬುರಗಿ, ಬೀದರ, ಯಾದಗಿರಿಗಳ ಎರಿ ಹೊಲಗಳ ಸೀಮೆಯಲ್ಲಿ ನೆಲ ತಾನಾಗಿಯೇ ಬಯಲು. ತೊಗರಿ ಕೊಯ್ದು ಕಣ ಮಾಡಿದ ಮೇಲೆ ಭೀಮೆಯ ದಂಡೆಯ ಯಾವುದಾದರೂ ಹೊಲದ ಬದುವಿನ ಮೇಲೆ ನಿಂತವರಿಗೆ ಕಣ್ಣು ಹಾಯುವಷ್ಟು ದೂರವೂ ಕಪ್ಪು ನೆಲ, ಅದರ ಅಂಚಿನಲ್ಲಿ ಆಕಾಶ, ನಡುವೆ ಅಲ್ಲೊಂದು ಇಲ್ಲೊಂದು ಬೇವಿನ ಮರ ಇಷ್ಟೇ ಕಾಣುತ್ತದೆ. ಇಲ್ಲಿ ಬಯಲು ಎಂಬ ಮಾತಿನಿಂದ ಗದ್ದೆಯ ಅರ್ಥ ಕಳಚಿ ವಿಸ್ತಾರದ ಅರ್ಥ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಮಲೆನಾಡು, ಕರಾವಳಿಗಳಿಂದ ಬೇರ್ಪಡಿಸಿ ನಮ್ಮ ನಾಡಿಗೆ ‘ಬಯಲುಸೀಮೆ’ ಎಂದೇ ಹೆಸರಾಗಿದೆ. (‘ಸೀಮೆ’ ಸಂಸ್ಕೃತದ ‘ಸೀಮಾ’ ಶಬ್ದದ ತದ್ಭವವಾದುದರಿಂದ ಈ ಸಮಾಸಕ್ಕೆ ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವ ಅರಿಸಮಾಸದ ದೋಷ ತಟ್ಟುವುದಿಲ್ಲ. ಹಿಂದೊಮ್ಮೆ ಓದುಗರೊಬ್ಬರು ಇದನ್ನು ಕೇಳಿದ್ದರು.)

ಈಗ ಬಯಲನ್ನು ಅದರ ನೆರೆಯ ಮಾತುಗಳ ಜೊತೆಗಿಟ್ಟು ನೋಡಬೇಕು. ‘ತೆರೆದದ್ದು’ ಎಂದರೆ ಮೊದಲು ಮುಚ್ಚಿದ್ದಿರಬೇಕು. ಮುಚ್ಚದ ಬಾಗಿಲನ್ನು ಯಾರೂ ತೆರೆಯಲಾರರು. ‘ಮುಕ್ತ’ ಎಂಬುದು ಬಿಡು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಮಾತು. ಮುಕ್ತವಾಗಬೇಕಾದರೆ ಮೊದಲು ಕಟ್ಟಿರಬೇಕು. ‘ಬಿಚ್ಚುಮನಸ್ಸು’ ಎನ್ನುವಲ್ಲಿ ಗಂಟೊಂದು ಇತ್ತು ಎಂಬುದು ಮಾತಿನಲ್ಲಿಯೇ ಅಡಗಿದೆ. ‘ಬೀಳು’ ಎಂದರೆ ಒಂದು ಕಾಲಕ್ಕೆ ಉತ್ತಿ ಬಿತ್ತಿದ್ದು ಈಗ ಕೈಬಿಟ್ಟು ಹೋದದ್ದು. ‘ಖಾಲಿ’ ಎಂದರೆ ಒಳಗೆ ಏನಾದರೂ ಇರಬೇಕಾಗಿದ್ದು ಈಗ ಇಲ್ಲದ್ದು. ಈ ಎಲ್ಲ ಮಾತುಗಳ ಹಿಂದೆಯೂ ಒಂದು ಹಿಂದಿನ ಸ್ಥಿತಿಯ ನೆನಪಿದೆ. ಬಯಲು ಎಂಬ ಮಾತಿನ ಹಿಂದೆ ಅಂಥ ನೆನಪಿಲ್ಲ. ಅದನ್ನು ಯಾರೂ ತೆರೆದಿಲ್ಲ, ಬಿಚ್ಚಿಲ್ಲ, ಬಿಡಿಸಿಲ್ಲ. ಗೋಡೆ ಕಟ್ಟುವ ಮೊದಲೂ ಅದಿತ್ತು, ಗೋಡೆ ಕುಸಿದ ಮೇಲೂ ಇರುತ್ತದೆ. ತೆರವನ್ನು ಹೇಳುವ ನಮ್ಮ ಮಾತುಗಳಲ್ಲಿ ಹೀಗೆ ಯಾವ ಮುಚ್ಚುವಿಕೆಯನ್ನೂ ಊಹಿಸಿಕೊಳ್ಳದ ಮಾತು ಇದೊಂದೇ ಎಂದು ನನಗೆ ತೋರುತ್ತದೆ.

ಅಲ್ಲಮನ ಕೈಗೆ ಈ ಪದವೇ ಏಕೆ ಸಿಕ್ಕಿತು ಎಂಬುದಕ್ಕೆ ಇಲ್ಲಿ ಉತ್ತರವಿದೆ. ‘ಶೂನ್ಯ’ ಎಂಬ ಸಂಸ್ಕೃತ ಪದವೂ ಶರಣರಿಗೆ ಒದಗಿತ್ತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ವಚನಗಳನ್ನು ಸಂವಾದವಾಗಿ ಹೆಣೆದಾಗ ಆ ಕೃತಿಗೆ ‘ಶೂನ್ಯ ಸಂಪಾದನೆ’ ಎಂಬ ಹೆಸರೇ ನಿಂತಿತು. ಆದರೆ ಶೂನ್ಯವೆಂಬುದು ಪಂಡಿತರ ಚರ್ಚೆಯಿಂದಲೂ ಲೆಕ್ಕದ ಸೊನ್ನೆಯಿಂದಲೂ ಬರುವ ಮಾತು, ಇಲ್ಲ ಎಂಬ ಧ್ವನಿ ಅದರಲ್ಲಿ ಮುಂದಾಗಿ ಕೇಳಿಸುತ್ತದೆ. ಬಯಲಿನಲ್ಲಿ ಗಾಳಿಯಿದೆ, ಬೆಳಕಿದೆ, ಕಾಲ ಕೆಳಗೆ ನೆಲವಿದೆ; ಇಲ್ಲದಿರುವುದು ಅಡ್ಡಗೋಡೆ ಮಾತ್ರ. ಎಲ್ಲೆಯನ್ನು ಕಳೆದುಕೊಂಡ ಇರವನ್ನು ಹೇಳಹೊರಟವನಿಗೆ ಇದಕ್ಕಿಂತ ತಕ್ಕ ಮಾತು ಕನ್ನಡದಲ್ಲಿ ಇರಲಿಲ್ಲ.

ವಚನವನ್ನು ಮತ್ತೊಮ್ಮೆ ಓದಿ: ‘ಬಯಲು ಬಯಲನೆ ಬಿತ್ತಿ, ಬಯಲು ಬಯಲನೆ ಬೆಳೆದು, ಬಯಲು ಬಯಲಾಗಿ ಬಯಲಾಯಿತ್ತಯ್ಯಾ.’ ಬಿತ್ತುವುದು, ಬೆಳೆಯುವುದು ಎರಡೂ ಒಕ್ಕಲುತನದ ಕ್ರಿಯೆಗಳು. ಆಕಾಶದಂಥ ಬರಿದನ್ನಷ್ಟೇ ಅಲ್ಲಮನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಬಿತ್ತನೆಯ ಮಾತು ಇಲ್ಲಿ ಏಕೆ ಬರಬೇಕಿತ್ತು? ತಮಿಳು, ತುಳುಗಳಲ್ಲಿ ಇಂದಿಗೂ ಉಳಿದಿರುವ ಹೊಲಗದ್ದೆಯ ಅರ್ಥವೂ ನಮ್ಮಲ್ಲಿ ಬೆಳೆದ ಬರಿದಿನ ಅರ್ಥವೂ ಈ ಒಂದು ಸಾಲಿನಲ್ಲಿ ಒಟ್ಟಿಗೆ ದುಡಿಯುತ್ತಿವೆ ಎಂಬುದು ನನ್ನ ಓದು. ಬಿತ್ತುವವನೂ ಬಯಲು, ಬೀಜವೂ ಬಯಲು, ಬಿತ್ತಿದ ಹೊಲವೂ ಬೆಳೆದ ಬೆಳೆಯೂ ಬಯಲು. ಕೊಯ್ಲಾದ ಮೇಲೆ ಉಳಿಯುವುದೂ ಬಯಲೇ. ಅಲ್ಲಮನು ಬಳ್ಳಿಗಾವೆಯ ಕಡೆಯವನೆಂದು ಪರಂಪರೆ ಹೇಳುತ್ತದೆ. ಅದು ಮಲೆನಾಡಿನ ಸೆರಗಿನ ಭತ್ತದ ಸೀಮೆ. ಅಲ್ಲಿಂದ ಹೊರಟು ಅವನು ಬಂದು ನಿಂತದ್ದು ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣಕ್ಕೆ, ಬಯಲೇ ಬಯಲಾದ ಸೀಮೆಗೆ. ಪದದ ಎರಡೂ ಮುಖಗಳನ್ನು ನಡೆದು ಕಂಡವನ ಮಾತಿನಂತೆ ಈ ವಚನ ನನಗೆ ಕೇಳಿಸುತ್ತದೆ. ‘ನಾ ನಿಮ್ಮ ನಂಬಿ ಬಯಲಾದೆ ಗುಹೇಶ್ವರಾ’ ಎಂದು ಅದು ಮುಗಿಯುವಾಗ ‘ಬಯಲಾಗು’ ಎಂಬ ಕ್ರಿಯಾಪದಕ್ಕೆ ಎಲ್ಲೆಯಳಿದು ಬೆರೆತುಹೋಗು ಎಂಬ ಅರ್ಥ ಬಂದಿದೆ. ಶರಣರು ತೀರಿಕೊಂಡರೆ ‘ಬಯಲಾದರು’ ಎಂದು ನಮ್ಮ ಹಿರಿಯರು ಹೇಳುವುದು ಈ ಜಾಡಿನಲ್ಲಿಯೇ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರ ಬಾಯಲ್ಲಿ ಈ ಪದ ಇಂದಿಗೂ ಹಸಿಯಾಗಿದೆ. ನಿಮ್ಮ ತರಗತಿಯ ಮಕ್ಕಳಲ್ಲಿ ಕೆಲವರ ಅಜ್ಜಂದಿರಾದರೂ ಅಂಥ ಭಜನೆಯಲ್ಲಿ ಕುಳಿತವರಿರುತ್ತಾರೆ.

ಇನ್ನು ಸಂಕೋಚದ ಅರ್ಥ. ಮನುಷ್ಯರು ಆ ಕ್ರಿಯೆಯನ್ನು ಬಹಳಷ್ಟು ಭಾಷೆಗಳಲ್ಲಿ ನೇರವಾಗಿ ಹೆಸರಿಸಲು ಹಿಂಜರಿದಿದ್ದಾರೆ. ಕ್ರಿಯೆಯನ್ನು ಬಿಟ್ಟು ಹೋಗುವ ಜಾಗವನ್ನು ಹೇಳಿದ್ದಾರೆ. ‘ಹೊರಕಡೆ ಹೋಗು’ ಎನ್ನುತ್ತೇವೆ, ಹಿಂದಿಯವರು ‘ಮೈದಾನ್ ಜಾನಾ’ ಎನ್ನುತ್ತಾರೆ. ಗ್ರಾಂಥಿಕ ಕನ್ನಡದಲ್ಲಿ ಮರ್ಯಾದೆಯ ಮಾತೆಂದು ಬಳಸುವ ‘ಬಹಿರ್ದೆಸೆ’ಯನ್ನು ಬಿಡಿಸಿ ನೋಡಿ. ‘ಬಹಿರ್’ ಎಂದರೆ ಹೊರಗೆ, ‘ದೆಸೆ’ ಎಂಬುದು ‘ದಿಶಾ’ ಶಬ್ದದ ತದ್ಭವ, ಎಂದರೆ ದಿಕ್ಕು, ಕಡೆ. ಬಹಿರ್ದೆಸೆ ಎಂದರೆ ಹೊರಗಿನ ಕಡೆ. ‘ಬೈಲಕಡಿ’ ಎಂದರೂ ಬಯಲಿನ ಕಡೆ. ನಮ್ಮ ಅಜ್ಜಿಯರ ಮಾತು ಪಂಡಿತರ ಮಾತಿಗೆ ಪದಕ್ಕೆ ಪದ ಸಮನಾಗಿದೆ. ಒಂದನ್ನು ಸಭ್ಯವೆಂದೂ ಇನ್ನೊಂದನ್ನು ಹಳ್ಳಿಗಾಡಿನದೆಂದೂ ಎಣಿಸುವುದಕ್ಕೆ ಪದದ ಒಳಗೆ ಯಾವ ಆಧಾರವೂ ಇಲ್ಲ. ‘ಬೈಲಕಡಿ’ ಹುಟ್ಟಿದ್ದೇ ನಾಚಿಕೆಯನ್ನು ಕಾಪಾಡುವುದಕ್ಕಾಗಿ. ಬಹಳ ಬಳಸಿದ ಮರೆಮಾತು ಕ್ರಮೇಣ ತಾನು ಮರೆಮಾಡಿದ ವಸ್ತುವಿನ ಹೆಸರೇ ಆಗಿಬಿಡುತ್ತದೆ. ಮಕ್ಕಳ ನಗುವಿಗೆ ಕಾರಣ ಅದು.

ತಲೆ ತಗ್ಗಿಸಿದ ಹುಡುಗಿಯರ ವಿಷಯವಾಗಿ ಒಂದು ಮಾತು ಸೇರಿಸಬೇಕು. ನಸುಕಿನಲ್ಲಿ ಎದ್ದು, ಇಲ್ಲವೆ ಕತ್ತಲಾಗುವವರೆಗೆ ತಡೆದುಕೊಂಡು, ಕೈಯಲ್ಲಿ ತಂಬಿಗೆ ಹಿಡಿದು ಜೊತೆಗಾತಿಯರನ್ನು ಕರೆದುಕೊಂಡು ಹೋಗಬೇಕಾದ ಹೆಂಗಸರಿಗೆ ಬಯಲು ಎಂಬುದು ವಿಸ್ತಾರದ ಸುಖವನ್ನು ಕೊಟ್ಟ ಮಾತಲ್ಲ. ಮರೆಯಿಲ್ಲ ಎಂಬ ಭಯವನ್ನು ಕೊಟ್ಟ ಮಾತು. ಮರೆಯಿಲ್ಲದಿರುವುದು ಅಲ್ಲಮನಿಗೆ ಬಿಡುಗಡೆಯಾದರೆ ಅವರಿಗೆ ಸಂಕಟವಾಯಿತು. ಈ ಎರಡನ್ನೂ ನೀವು ತರಗತಿಯಲ್ಲಿ ಹೇಳಬಹುದೆಂದೇ ನನ್ನ ಅಭಿಪ್ರಾಯ. ಮೊದಲು ‘ಬೈಲಕಡಿ’ಯನ್ನು ಬಿಡಿಸಿ ಬರೆದು, ಅದರ ಪಕ್ಕದಲ್ಲಿ ‘ಬಹಿರ್ದೆಸೆ’ಯನ್ನು ಬಿಡಿಸಿ ಬರೆದು, ಆಮೇಲೆ ವಚನಕ್ಕೆ ಬನ್ನಿ. ನಗು ತಾನಾಗಿ ನಿಂತು ಕುತೂಹಲ ಮೂಡುತ್ತದೆ.

ಪ್ರಶ್ನೆ (ಸೇಡಂನಿಂದ): ನಮ್ಮ ಗಡಿಯಾಚೆ ತೆಲುಗರು ಹೊರಗೆ ಎಂಬುದಕ್ಕೆ ‘ಬಯಟ’ ಎನ್ನುತ್ತಾರೆ. ಅದೂ ನಮ್ಮ ಬಯಲೂ ಸಂಸ್ಕೃತದ ‘ಬಹಿಃ’ ಎಂಬುದರಿಂದಲೇ ಬಂದಿರಬೇಕೆಂದು ನಮ್ಮ ಸ್ನೇಹಿತರ ವಾದ. ಇನ್ನೊಬ್ಬರು ‘ಬಾಯಿ’ಯಿಂದ ಬಂತು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡನ್ನೂ ಒಪ್ಪಲಾಗದು. ‘ಬಹಿಃ’ ಎಂಬುದರ ಸಂತಾನ ನಮ್ಮ ಸುತ್ತಲೇ ಇದೆ. ಪ್ರಾಕೃತದ ‘ಬಾಹಿರ’, ಹಿಂದಿಯ ‘ಬಾಹರ್’, ಮರಾಠಿಯ ‘ಬಾಹೇರ್’ ಇವುಗಳಲ್ಲಿ ರಕಾರವಿದೆಯೇ ಹೊರತು ಬಯಲಿನ ಲಕಾರಕ್ಕೆ ದಾರಿಯಿಲ್ಲ. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಎಂದರೆ ತಮಿಳಿನ ‘ವಯಲ್’. ತಮಿಳಿನ ಅತಿ ಹಳೆಯ ಸಂಘಕಾಲದ ಕವಿತೆಗಳಲ್ಲಿಯೇ ಗದ್ದೆ ಎಂಬರ್ಥದಲ್ಲಿ ಬಳಕೆಯಾಗಿರುವ ಆ ಪದದ ವಕಾರವನ್ನೂ ಬೆಳೆಯ ಅರ್ಥವನ್ನೂ ‘ಬಹಿಃ’ ವಿವರಿಸಲಾರದು. ‘ಬಾಯಿ’ಯ ವಿಷಯಕ್ಕೆ ಬಂದರೆ ಅದು ದೀರ್ಘ ಸ್ವರದ ಪದ, ಬಯಲು ಹ್ರಸ್ವ ಸ್ವರದ್ದು, ಕಿವಿಗೆ ಹತ್ತಿರವಾದುದೆಲ್ಲ ನಂಟಾಗುವುದಿಲ್ಲ.

ತೆಲುಗಿನ ‘ಬಯಟ’ವನ್ನು ತೆಲುಗಿನ ವ್ಯಾಕರಣವೇ ಬಿಡಿಸಿಕೊಡುತ್ತದೆ. ಅಲ್ಲಿ ‘ಇಲ್ಲು’ ಎಂದರೆ ಮನೆ, ಅದು ವಿಭಕ್ತಿಯ ಮುಂದೆ ‘ಇಂಟಿ’ ಆಗುತ್ತದೆ, ಮನೆಯಲ್ಲಿ ಎಂಬುದಕ್ಕೆ ‘ಇಂಟ’ ಎಂಬ ರೂಪವಿದೆ. ಬಾಯಿ ಎಂಬರ್ಥದ ‘ನೋರು’ ‘ನೋಟಿ’ಯಾಗುತ್ತದೆ, ಒರಳು ಎಂಬರ್ಥದ ‘ರೋಲು’ ‘ರೋಟಿ’ಯಾಗುತ್ತದೆ. ಅದೇ ಜಾಡಿನಲ್ಲಿ ‘ಬಯಲು’ ‘ಬಯಟಿ’ಯಾಗಿ, ಬಯಲಿನಲ್ಲಿ ಎಂಬುದು ‘ಬಯಟ’ವಾಗಿದೆ. ಮನೆಯಲ್ಲಿ ಇಲ್ಲದವನು ಬಯಲಿನಲ್ಲಿ ಇದ್ದಾನೆ, ಆದ್ದರಿಂದ ಬಯಟ ಎಂದರೆ ಹೊರಗೆ. ಪಯಣ ಹೊರಡುವುದಕ್ಕೆ ಅವರು ‘ಬಯಲುದೇರು’ ಎನ್ನುವುದು ನಿಮಗೆ ದಿನವೂ ಕೇಳಿಸುತ್ತಿರಬೇಕು. ನಿಲ್ದಾಣದಲ್ಲಿ ಬಸ್ಸು ಬಯಲುದೇರುವಾಗಲೂ ಆ ಹಳೆಯ ಹೊಲದ ಮಾತು ಅದರೊಳಗೆ ಇದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕನ್ನಡದ ಬೇರು, ಬಿಲ್ಲು, ಬೆಳ್ಳಿ ತೆಲುಗಿನಲ್ಲಿ ವೇರು, ವಿಲ್ಲು, ವೆಂಡಿ. ತೆಲುಗು ಸಾಮಾನ್ಯವಾಗಿ ವಕಾರವನ್ನು ಉಳಿಸಿಕೊಂಡ ಭಾಷೆ. ಹಾಗಿದ್ದೂ ಅಲ್ಲಿ ‘ಬಯಲು’ ಬಕಾರದಿಂದಲೇ ಶುರುವಾಗುತ್ತದೆ. ಆದ್ದರಿಂದ ಈ ಪದ ಕನ್ನಡದಿಂದಲೇ ತೆಲುಗಿಗೆ ಹೋಗಿರಬಹುದು ಎಂದು ನಾನು ಊಹಿಸುತ್ತೇನೆ. ಸೇಡಂ ತಾಲ್ಲೂಕಿನಲ್ಲಿಯೇ ಇರುವ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟವಾಗಿ, ರಾಷ್ಟ್ರಕೂಟರ ರಾಜಧಾನಿಯಾಗಿ, ಎರಡೂ ನುಡಿಗಳ ಸೀಮೆಯನ್ನು ಆಳಿದ ಊರು; ಮಾತುಗಳು ಅತ್ತಿತ್ತ ಹೋಗಿಬರುವುದಕ್ಕೆ ಅಲ್ಲಿ ಅಡ್ಡಿಯೇನಿತ್ತು?

ಪ್ರಶ್ನೆ (ಸುರಪುರದಿಂದ): ‘ಬಟ್ಟಬಯಲು’, ‘ಬಟಾಬಯಲು’ ಎನ್ನುವಲ್ಲಿ ‘ಬಟ್ಟ’ ಎಂದರೇನು? ಬಟ್ಟೆಯೇ, ಬಟ್ಟಲೇ?

ಉತ್ತರ: ಎರಡೂ ಅಲ್ಲ, ಅದು ಬಯಲೇ. ಕನ್ನಡದಲ್ಲಿ ಒತ್ತಿ ಹೇಳುವುದಕ್ಕಾಗಿ ಪದವನ್ನು ಎರಡು ಸಲ ನುಡಿಯುವಾಗ ಮೊದಲ ಪದದ ಮೊದಲ ಅಕ್ಷರವಷ್ಟೇ ಉಳಿದು, ಅದರ ಮುಂದೆ ಒಂದು ಒತ್ತಕ್ಷರ ಬಂದು ನಿಲ್ಲುವ ರೀತಿಯಿದೆ. ಕಡೆಗೆ ಕಟ್ಟಕಡೆ, ನಡುವಿಗೆ ನಟ್ಟನಡು, ತುದಿಗೆ ತುತ್ತತುದಿ, ಮೊದಲಿಗೆ ಮೊತ್ತಮೊದಲು, ಬರಿದಿಗೆ ಬಚ್ಚಬರಿದು. ಹಾಗೆಯೇ ಬಯಲು ಬಯಲು ಎಂಬುದು ಬಟ್ಟಬಯಲು. ವಚನಕಾರರು ಇದನ್ನು ಆಸೆಯಿಂದ ಬಳಸಿದ್ದಾರೆ. ‘ಬಟಾಬಯಲು’ ಎಂಬುದು ಅದರ ಆಡುರೂಪ.

ಪ್ರಶ್ನೆ (ಕಲಬುರಗಿ ನಗರದಿಂದ): ನಾವು ‘ಜಾಗಾ ಖುಲ್ಲಾ ಅದ’ ಎನ್ನುತ್ತೇವೆ. ನ್ಯಾಯಾಲಯದಲ್ಲಿ ಆರೋಪಿಯನ್ನು ‘ಖುಲಾಸೆ’ಗೊಳಿಸುತ್ತಾರೆ. ಎರಡೂ ಒಂದೇ ಮೂಲದವೇ? ಬಯಲು ಇರುವಾಗ ನಮಗೆ ಖುಲ್ಲಾ ಏಕೆ ಬೇಕಾಯಿತು?

ಉತ್ತರ: ಖುಲ್ಲಾ ಎಂಬುದು ತೆರೆದುಕೊಳ್ಳು ಎಂಬರ್ಥದ ‘ಖುಲ್ನಾ’ ಎಂಬ ಹಿಂದುಸ್ತಾನಿ ಕ್ರಿಯಾಪದದಿಂದ, ನಮ್ಮ ಊರಿನಲ್ಲಿ ದಖ್ಖನದ ಆಡು ಉರ್ದುವಾದ ದಖನಿಯ ಮೂಲಕ ಬಂದದ್ದು. ಖುಲಾಸೆಯು ಅರಬ್ಬಿಯ ಬೇರೊಂದು ಧಾತುವಿನಿಂದ ಬಂದದ್ದು, ‘ಖಲಾಸ್’ ಅದರ ಒಡಹುಟ್ಟು. ಬಿಡುಗಡೆ, ಶುದ್ಧವಾಗುವುದು, ತಿಳಿಯಾಗುವುದು ಎಂಬ ಅರ್ಥಗಳು ಆ ಧಾತುವಿನಲ್ಲಿವೆ. ಧ್ವನಿಯ ಹೋಲಿಕೆಯಿಂದ ಹಿಂದಿಯವರು ‘ಖುಲಾಸಾ’ಕ್ಕೆ ಗುಟ್ಟು ತೆರೆದಿಡುವುದು ಎಂಬ ಅರ್ಥವನ್ನೂ ಹಚ್ಚಿಕೊಂಡರು, ಕನ್ನಡದ ನ್ಯಾಯಾಲಯದ ಮಾತಿನಲ್ಲಿ ಹಳೆಯ ಬಿಡುಗಡೆಯ ಅರ್ಥವೇ ಉಳಿದಿದೆ.

1347ರಲ್ಲಿ ಬಹಮನಿ ರಾಜ್ಯ ನಮ್ಮೂರಿನ ಕೋಟೆಯಲ್ಲಿ ನೆಲೆಗೊಂಡಂದಿನಿಂದ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಫಾರಸಿ, ದಖನಿ, ಉರ್ದು ಮಾತುಗಳು ನಮ್ಮ ಕನ್ನಡದ ಜೊತೆಗೇ ಬಾಳಿವೆ. ಬಂದ ಮಾತು ಇದ್ದ ಮಾತನ್ನು ಓಡಿಸಲಿಲ್ಲ, ಕೆಲಸವನ್ನು ಹಂಚಿಕೊಂಡಿತು. ಊರ ಹೊರಗಿನದು ಬೈಲು, ಎರಡು ಮನೆಗಳ ನಡುವೆ ಕಟ್ಟದೆ ಬಿಟ್ಟದ್ದು ಖುಲ್ಲಾ ಜಾಗ, ಹುಡುಗರು ಆಡುವುದು ಮೈದಾನ. ನಿವೇಶನಕ್ಕೆ ಒಡೆಯನಿರುತ್ತಾನೆ, ಅಳತೆಯಿರುತ್ತದೆ. ಅದನ್ನು ಬಯಲು ಎಂದು ಕರೆಯಲು ನಮ್ಮ ನಾಲಿಗೆ ಒಪ್ಪುವುದಿಲ್ಲ.

ಪ್ರಶ್ನೆ (ಶಹಾಪುರ ತಾಲ್ಲೂಕಿನಿಂದ): ನಾನು ಗ್ರಾಮ ಪಂಚಾಯಿತಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಆಡಳಿತದಲ್ಲಿ ಏನನ್ನೂ ಮುಚ್ಚಿಡದಿರುವ ಗುಣಕ್ಕೆ ಸುತ್ತೋಲೆಗಳಲ್ಲಿ ‘ಪಾರದರ್ಶಕತೆ’ ಎಂದೂ ಕೆಲವೆಡೆ ‘ಮುಕ್ತತೆ’ ಎಂದೂ ಬರೆಯುತ್ತಾರೆ. ಊರಿನವರಿಗೆ ಎರಡೂ ತಿಳಿಯುವುದಿಲ್ಲ. ‘ಬಯಲು’ ಪದವನ್ನು ಇದಕ್ಕೆ ಬಳಸಬಹುದೇ? ನಮ್ಮ ಊರಿನ ಫಲಕದಲ್ಲಿ ‘ಬಯಲು ಬಹಿರ್ದೆಸೆ ಮುಕ್ತ ಗ್ರಾಮ’ ಎಂದು ಬರೆದಿದೆ, ಅಲ್ಲಿ ಬಯಲು ಬೇಡವಾದ ವಸ್ತು.

ಉತ್ತರ: ನಿಮ್ಮ ಫಲಕದ ‘ಮುಕ್ತ’ಕ್ಕೆ ತೆರೆದ ಎಂಬ ಅರ್ಥವಿಲ್ಲ, ಬಿಡುಗಡೆ ಪಡೆದ ಎಂಬ ಅರ್ಥ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಅದೇ ಪದಕ್ಕೆ ಎಲ್ಲರಿಗೂ ತೆರೆದ ಎಂಬ ಅರ್ಥ. ಒಂದೇ ಪದ ಒಂದೆಡೆ ತೊಲಗಿಸುವುದನ್ನೂ ಇನ್ನೊಂದೆಡೆ ಬರಮಾಡಿಕೊಳ್ಳುವುದನ್ನೂ ಹೇಳುತ್ತಿರುವಾಗ ಊರಿನವರಿಗೆ ‘ಮುಕ್ತತೆ’ ತಿಳಿಯದಿರುವುದು ಅವರ ತಪ್ಪಲ್ಲ.

‘ಪಾರದರ್ಶಕ’ ಎಂದರೆ ಆಚೆಗೆ ಕಾಣಗೊಡುವುದು. ಸರ್ಕಾರಿ ಖರೀದಿಗಳ ಬಗ್ಗೆ 1999ರಲ್ಲಿ ನಮ್ಮ ರಾಜ್ಯ ಮಾಡಿದ ಕಾಯ್ದೆಯ ಹೆಸರಿನಲ್ಲಿಯೇ ಅದು ಸೇರಿರುವುದರಿಂದ ಕಚೇರಿಯ ಮಾತಾಗಿ ಬೇರೂರಿದೆ. ಕಾಗದಪತ್ರಗಳಲ್ಲಿ ಅದನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಆ ಪದದ ಚಿತ್ರವನ್ನು ಗಮನಿಸಿ. ಗಾಜು ಪಾರದರ್ಶಕ; ಅದರ ಮೂಲಕ ಒಳಗಿನದು ಕಾಣುತ್ತದೆ, ಹೊರಗಿನವನು ಮಾತ್ರ ಹೊರಗೇ ನಿಂತಿರುತ್ತಾನೆ. ಬಯಲಿನಲ್ಲಿ ಗಾಜೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಒಬ್ಬ ರೈತ ಕಡತದ ನಕಲನ್ನು ಪಡೆದಾಗ ಆಗುವುದನ್ನು ಪಾರದರ್ಶಕತೆ ಎನ್ನಬಹುದು. ಗ್ರಾಮಸಭೆಯಲ್ಲಿ ಅವನು ಎದ್ದು ನಿಂತು ಕೇಳಿ, ಎಲ್ಲರೆದುರು ಉತ್ತರ ಪಡೆಯುವುದು ಅದಕ್ಕಿಂತ ಹೆಚ್ಚಿನದು.

ಬಯಲನ್ನು ಈ ಅರ್ಥದಲ್ಲಿ ಬಳಸುವುದಕ್ಕೆ ಭಾಷೆಯಲ್ಲಿ ಆಗಲೇ ದಾರಿಯಿದೆ. ಗುಟ್ಟು ‘ಬಯಲಾಯಿತು’, ಮೋಸ ‘ಬಯಲಿಗೆ ಬಂತು’, ಹಗರಣವನ್ನು ‘ಬಯಲಿಗೆಳೆದರು’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಮೊದಲ ಉತ್ತರದಲ್ಲಿ ನಾನು ಬಯಲಿಗೆ ಮುಚ್ಚುವಿಕೆಯ ನೆನಪಿಲ್ಲ ಎಂದೆ. ಈ ಪ್ರಯೋಗಗಳಲ್ಲಿ ಮುಚ್ಚಿಟ್ಟದ್ದು ಇದೆಯಲ್ಲ ಎಂದು ನೀವು ಕೇಳಬಹುದು. ಮುಚ್ಚಿದ್ದದ್ದು ಗುಟ್ಟು. ಅದು ಬರುವ ಜಾಗ ಮೊದಲಿನಿಂದಲೂ ಅಲ್ಲಿಯೇ ಇದೆ, ಅದಕ್ಕಾಗಿಯೇ ‘ಬಯಲಿಗೆ’ ಎಂದು ಚತುರ್ಥಿ ವಿಭಕ್ತಿ ಹಚ್ಚುತ್ತೇವೆ. ತೊಡಕು ಬೇರೆ ಇದೆ. ಈ ಪ್ರಯೋಗಗಳೆಲ್ಲ ಕೆಟ್ಟದ್ದಕ್ಕೆ ಮೀಸಲಾಗಿವೆ. ಒಳ್ಳೆಯ ಕೆಲಸ ಬಯಲಾಯಿತು ಎಂದು ಯಾರೂ ಹೇಳುವುದಿಲ್ಲ. ಪಂಚಾಯಿತಿಯ ಲೆಕ್ಕ ಬಯಲಾಯಿತು ಎಂದು ನೀವು ಬರೆದರೆ ಊರಿನವರು ಕಳ್ಳತನ ಸಿಕ್ಕಿಬಿದ್ದಿತೆಂದೇ ತಿಳಿಯುತ್ತಾರೆ. ‘ಬಡತನ’, ‘ದೊಡ್ಡತನ’ ಎಂಬಂತೆ ‘ಬಯಲುತನ’ ಎಂದು ಕಟ್ಟಿದರೆ ಕಿವಿಗೆ ಒಗ್ಗುವುದಿಲ್ಲ, ಏಕೆಂದರೆ ‘ಬಯಲು’ ಒಂದು ಗುಣದ ಹೆಸರಾಗುವ ಮೊದಲು ಒಂದು ಜಾಗದ ಹೆಸರು.

ಆದ್ದರಿಂದ ಹೆಸರುಪದವನ್ನು ಹುಡುಕುವುದನ್ನು ಬಿಟ್ಟು ಆ ಜಾಗವನ್ನೇ ಹೇಳುವುದು ಮೇಲೆಂದು ನನ್ನ ಸಲಹೆ. ನಮ್ಮ ಕಡೆ ಹಿರಿಯರು ಪಂಚಾಯಿತಿ ಮಾಡುವಾಗ ‘ಮಾತು ನಾಕು ಮಂದ್ಯಾಗ ಬೈಲಾಗ ಆಗ್ಲಿ’ ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ಅಲ್ಲಿ ಬೈಲು ಕೆಟ್ಟದ್ದು ಬಯಲಾಗುವ ಜಾಗವಲ್ಲ, ಒಳ್ಳೆಯದೂ ಕೆಟ್ಟದ್ದೂ ಎಲ್ಲರ ಕಣ್ಣೆದುರು ತೀರ್ಮಾನವಾಗುವ ಜಾಗ. ದೊಡ್ಡಾಟವನ್ನು ‘ಬಯಲಾಟ’ ಎನ್ನುವುದೂ ಇದೇ ಅರ್ಥದಲ್ಲಿ. ಚೀಟಿಯಿಲ್ಲದೆ, ಬಾಗಿಲಿಲ್ಲದೆ, ಊರೆಲ್ಲ ಬೆಳತನಕ ಕುಳಿತು ನೋಡುವ ಆಟ. ನಿಮ್ಮ ಗ್ರಾಮಸಭೆಯ ತಿಳಿವಳಿಕೆ ಪತ್ರದಲ್ಲಿ ‘ಲೆಕ್ಕಪತ್ರಗಳನ್ನು ಪಾರದರ್ಶಕವಾಗಿ ಮಂಡಿಸಲಾಗುವುದು’ ಎಂದು ಬರೆಯುವ ಕಡೆ ‘ಲೆಕ್ಕವನ್ನು ಬಯಲಿನಲ್ಲಿ, ಎಲ್ಲರ ಮುಂದೆ ಓದಿ ಹೇಳಲಾಗುವುದು’ ಎಂದು ಬರೆದು ನೋಡಿ. ಸಭೆಯನ್ನು ಕಚೇರಿಯ ಕೋಣೆಯಲ್ಲಿ ನಡೆಸದೆ ಅಗಸಿಯ ಕಟ್ಟೆಯ ಮುಂದೆಯೇ ನಡೆಸುವುದಾದರೆ ಆ ವಾಕ್ಯ ಅಕ್ಷರಶಃ ಸರಿಯಾಗಿರುತ್ತದೆ.